ಅಸ್ಥಿಬಲವೇ ಕಾಯಕಬಲ

ಕಾಯಕವನ್ನು ನಂಬಿದ ಸಮಾಜಕ್ಕೆ ಕಾಯವನ್ನು ಕಾಪಾಡಿಕೊಳ್ಳುವುದೂ ಒಂದು ಧರ್ಮವೇ ಆಗಿದೆ. ನಡೆಯಲು ಕಾಲು, ಎತ್ತಲು ತೋಳು, ನೆಟ್ಟಗೆ ಕೂಡಲು ಬೆನ್ನು ಗಟ್ಟಿಯಾಗಿದ್ದರೆ ಮಾತ್ರ ಪೂಜೆಯೂ ಸಾಗುತ್ತದೆ, ದುಡಿಮೆಯೂ ಸಾಗುತ್ತದೆ. ಈ ಗಟ್ಟಿತನದ ಆಧಾರವೇ ಅಸ್ಥಿ. ಈ ಸಂಚಿಕೆಯಲ್ಲಿ ಆಹಾರ ಮತ್ತು ದಿನಚರಿಗಳು ಎಲುಬಿನ ಮೇಲೆ ಬೀರುವ ಪರಿಣಾಮವನ್ನು ವಿಚಾರ ಮಾಡೋಣ.

ಚಿಂಚೋಳಿಯಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರೆಗಿನ ನಮ್ಮ ಸೀಮೆ ಸುಣ್ಣಗಲ್ಲಿಗೆ ಹೆಸರಾದುದು. ಶಹಾಬಾದಿ ಪರಸಿ ಹಾಸದ ಮನೆ ಇಲ್ಲಿ ಅಪರೂಪ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದುದೂ ಈ ಕಲ್ಲಿಗಾಗಿಯೇ. ಸುಣ್ಣಗಲ್ಲಿನ ಮುಖ್ಯ ದ್ರವ್ಯ ಕ್ಯಾಲ್ಸಿಯಂ. ನಮ್ಮ ಎಲುಬಿನ ಮುಖ್ಯ ಖನಿಜವೂ ಕ್ಯಾಲ್ಸಿಯಂ. ವರ್ಷದ ಬಹುಭಾಗ ಬಿಸಿಲಿಗೂ ಇಲ್ಲಿ ಕೊರತೆಯಿಲ್ಲ. ಆದರೂ ಐವತ್ತು ದಾಟುವ ಮೊದಲೇ ಸೊಂಟ ಹಿಡಿದು ಏಳುವ ತಾಯಂದಿರು, ಸಣ್ಣದಾಗಿ ಜಾರಿ ಬಿದ್ದರೂ ತೊಡೆಯ ಎಲುಬು ಮುರಿದುಕೊಳ್ಳುವ ಹಿರಿಯರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ನೆಲದಲ್ಲಿರುವ ಸುಣ್ಣ ತಾನಾಗಿ ಎಲುಬಿಗೆ ಬರುವುದಿಲ್ಲ. ಅದು ಎಳ್ಳು, ಸೊಪ್ಪು, ಹಾಲುಗಳ ಮೂಲಕ ತಾಟಿಗೆ ಬರಬೇಕು, ಜಠರಾಗ್ನಿಯಿಂದ ಪಚನವಾಗಬೇಕು, ಬಿಸಿಲಿನ ಸಹಾಯದಿಂದ ರಕ್ತ ಸೇರಬೇಕು, ದುಡಿಮೆಯಿಂದ ಎಲುಬಿನಲ್ಲಿ ನೆಲೆಗೊಳ್ಳಬೇಕು. ಈ ನಾಲ್ಕರಲ್ಲಿ ಯಾವುದೊಂದು ಕಡಿದುಹೋದರೂ ಎಲುಬು ಟೊಳ್ಳಾಗುತ್ತದೆ.

ಅಸ್ಥಿಧಾತುವಿನ ಸ್ವರೂಪ

ರಸ, ರಕ್ತ, ಮಾಂಸ, ಮೇದ, ಅಸ್ಥಿ, ಮಜ್ಜಾ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಅಸ್ಥಿ ಐದನೆಯದು. ಉಂಡ ಆಹಾರ ಸರಿಯಾಗಿ ಪಚನವಾದರೆ ಮಾತ್ರ ಅದರ ಸಾರ ಒಂದೊಂದೇ ಧಾತುವನ್ನು ಪೋಷಿಸುತ್ತ ಅಸ್ಥಿಯವರೆಗೆ ತಲುಪುತ್ತದೆ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಅಸ್ಥಿಯನ್ನು ವಾತದೋಷದ ಆಶ್ರಯಸ್ಥಾನವೆಂದು ಹೇಳಿದ್ದಾರೆ. ಇವೆರಡರ ಸಂಬಂಧ ವಿಶಿಷ್ಟವಾದುದು: ಅಸ್ಥಿ ಪುಷ್ಟವಾದಾಗ ವಾತ ಶಮನವಾಗುತ್ತದೆ, ಅಸ್ಥಿ ಕ್ಷಯಿಸಿದಾಗ ವಾತ ಹೆಚ್ಚುತ್ತದೆ. ವೃದ್ಧಾಪ್ಯ ಸಹಜವಾಗಿಯೇ ವಾತದ ಕಾಲವಾದುದರಿಂದ ಆ ವಯಸ್ಸಿನಲ್ಲಿ ಎಲುಬಿನ ನೋವು ಎದ್ದುಕಾಣುತ್ತದೆ. ಕೂದಲು ಉದುರುವುದು, ಉಗುರು ಒಡೆಯುವುದು, ಹಲ್ಲು ಸಡಿಲಾಗುವುದು, ಕೀಲುಗಳು ಶಿಥಿಲವಾಗುವುದು ಇವುಗಳನ್ನು ಚರಕಸಂಹಿತೆ ಅಸ್ಥಿಕ್ಷಯದ ಲಕ್ಷಣಗಳೆಂದು ಹೇಳುತ್ತದೆ.

ಆಧುನಿಕ ವಿಜ್ಞಾನದ ಪ್ರಕಾರ ಪ್ರಾಯದ ಮನುಷ್ಯನ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇ. 99ರಷ್ಟು ಎಲುಬು ಮತ್ತು ಹಲ್ಲುಗಳಲ್ಲಿಯೇ ಇದೆ. ಉಳಿದ ಶೇ. 1ರಷ್ಟು ರಕ್ತ ಮತ್ತು ಇತರ ಅಂಗಗಳಲ್ಲಿದ್ದು ಹೃದಯದ ಬಡಿತಕ್ಕೆ, ಮಾಂಸಖಂಡಗಳ ಚಲನೆಗೆ, ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದೆ ಬಂದಾಗ ದೇಹ ಹೃದಯವನ್ನು ನಿಲ್ಲಿಸುವುದಿಲ್ಲ. ಎಲುಬಿನಿಂದ ತೆಗೆದು ರಕ್ತಕ್ಕೆ ಕೊಡುತ್ತದೆ. ಆದಕಾರಣ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದ ಮಾತ್ರಕ್ಕೆ ಎಲುಬು ಗಟ್ಟಿಯಾಗಿದೆ ಎಂದರ್ಥವಲ್ಲ. ಈ ಸವಕಳಿ ವರ್ಷಾನುಗಟ್ಟಲೆ ನೋವಿಲ್ಲದೆ ನಡೆಯುತ್ತದೆ. ಬಹಳ ಜನರಿಗೆ ಅದರ ಮೊದಲ ಸೂಚನೆ ಎಲುಬು ಮುರಿತವೇ ಆಗಿರುತ್ತದೆ.

ಎಲುಬಿನ ಕಣಜ

ಸುಗ್ಗಿಯಲ್ಲಿ ಜೋಳವನ್ನು ಹಗೇವಿಗೆ ತುಂಬಿ ಬರಗಾಲದಲ್ಲಿ ಬಳಸುತ್ತಿದ್ದ ಹಿರಿಯರ ಕ್ರಮವನ್ನು ನೆನೆದರೆ ಎಲುಬಿನ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಬಾಲ್ಯ ಮತ್ತು ಹರೆಯ ತುಂಬುವ ಕಾಲ. ಎಲುಬಿನ ಬಹುಪಾಲು ಸಂಗ್ರಹ ಇಪ್ಪತ್ತರ ಒಳಗೇ ಆಗಿಬಿಡುತ್ತದೆ. ಮೂವತ್ತರ ಸುಮಾರಿಗೆ ಕಣಜ ತುಂಬಿ ನಿಲ್ಲುತ್ತದೆ. ನಲವತ್ತರ ನಂತರ ಅದು ಮೆಲ್ಲಗೆ ಇಳಿಯತೊಡಗುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಐದಾರು ವರ್ಷ ಈ ಇಳಿತ ಬಹಳ ವೇಗವಾಗಿರುತ್ತದೆ. ಅಂಡಾಶಯ ಸ್ರವಿಸುವ ಈಸ್ಟ್ರೋಜನ್ ಎಂಬ ರಸವು ಎಲುಬಿಗೆ ಕಾವಲಿನಂತಿದ್ದು, ಅದು ನಿಂತೊಡನೆ ಕಾವಲು ತಪ್ಪುವುದೇ ಇದಕ್ಕೆ ಕಾರಣ.

ಆದ್ದರಿಂದ ಎಲುಬಿನ ಆರೈಕೆಯನ್ನು ಮುದುಕರ ಚಿಂತೆ ಎಂದು ಬಿಡುವಂತಿಲ್ಲ. ಹತ್ತು ವರ್ಷದ ಹುಡುಗಿಯ ಊಟವೇ ಅವಳ ಅರವತ್ತನೆಯ ವಯಸ್ಸಿನ ನಡಿಗೆಯನ್ನು ನಿರ್ಧರಿಸುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಶಾಲಾಮಕ್ಕಳಿಗೆ ಹಾಲು ದೊರೆಯುತ್ತಿರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಶಾಲೆಯಲ್ಲಿ ಹಾಲು ಕುಡಿದಳೆಂದು ಮನೆಯಲ್ಲಿ ಮಜ್ಜಿಗೆಯನ್ನು ತಪ್ಪಿಸದಿರುವುದು ಪಾಲಕರ ಕರ್ತವ್ಯ.

ತಾಯಂದಿರ ವಿಷಯದಲ್ಲಿ ಒಂದು ಎಚ್ಚರ

ನಮ್ಮ ಜಿಲ್ಲೆಯ ಮಟ್ಟಿಗೆ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಮತ್ತು ಹಳ್ಳಿಗಳ ಬಡ ಮಹಿಳೆಯರಿಗೆ ಅನವಶ್ಯಕವಾಗಿ ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆ ಮಾಡಲಾಗಿದೆ ಎಂಬ ದೂರು ನಾಡಿನಾದ್ಯಂತ ಸುದ್ದಿಯಾಗಿ, ಅದರ ಮೇಲೆ ವಿಚಾರಣೆಯೂ ನಡೆಯಿತು. ಬಿಳಿಮುಟ್ಟು, ಹೊಟ್ಟೆನೋವು, ಸೊಂಟನೋವು ಎಂದು ಹೋದವರಲ್ಲಿ ನಲವತ್ತು ದಾಟದವರೂ ಇದ್ದರು. ಆ ದಿನಗಳಲ್ಲಿ ಹಣದ ಮಾತು, ಮೋಸದ ಮಾತು ಬಹಳ ಬಂದವು. ಎಲುಬಿನ ಮಾತು ಬಂದುದು ಕಡಿಮೆ.

ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ನಿಲ್ಲುತ್ತದೆ. ಐವತ್ತರ ಸುಮಾರಿಗೆ ಆರಂಭವಾಗಬೇಕಾದ ಎಲುಬಿನ ಸವೆತ ಮೂವತ್ತೈದಕ್ಕೇ ಆರಂಭವಾಗುತ್ತದೆ. ಅಂಡಾಶಯ ಉಳಿಸಿದಾಗಲೂ ಕೆಲವರಲ್ಲಿ ಅದು ಸಹಜ ಕಾಲಕ್ಕಿಂತ ಮೊದಲೇ ಕೆಲಸ ನಿಲ್ಲಿಸುತ್ತದೆ. ಅಂದು ಮೂವತ್ತೈದರಲ್ಲಿದ್ದವರು ಇಂದು ಐವತ್ತರ ಹತ್ತಿರ ಬರುತ್ತಿದ್ದಾರೆ. ಆದರೆ ಅವರ ಎಲುಬಿನ ವಯಸ್ಸು ಅದಕ್ಕಿಂತ ಹೆಚ್ಚಾಗಿರುವ ಸಂಭವವಿದೆ. ಇಂಥ ಶಸ್ತ್ರಕ್ರಿಯೆಯಾದ ತಾಯಂದಿರು ತಮ್ಮ ಹಳೆಯ ಕಾಗದಗಳನ್ನು ವೈದ್ಯರಿಗೆ ತೋರಿಸಿ ಅಂಡಾಶಯ ತೆಗೆದಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಯಾವುದೇ ಕಾರಣದಿಂದ 45 ವರ್ಷಕ್ಕೆ ಮೊದಲು ಮುಟ್ಟು ನಿಂತವರು ಎಲುಬಿನ ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಉತ್ತಮ. ಇನ್ನು ಮುಂದೆ ಯಾರಿಗಾದರೂ ಗರ್ಭಕೋಶ ತೆಗೆಯಬೇಕೆಂಬ ಸಲಹೆ ಬಂದರೆ, ತುರ್ತು ಸಂದರ್ಭವಲ್ಲದಿದ್ದಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಬಿಳಿಮುಟ್ಟು ಬಹುತೇಕ ಔಷಧಿಯಿಂದ ಗುಣವಾಗುವ ವ್ಯಾಧಿ. ಅದಕ್ಕಾಗಿ ಗರ್ಭಕೋಶವನ್ನೇ ಕಳೆದುಕೊಳ್ಳುವುದು ಸಲ್ಲದು.

ತಾಟಿನ ಲೆಕ್ಕ

ಪ್ರಾಯದ ಸ್ತ್ರೀಪುರುಷರಿಗೆ ದಿನಕ್ಕೆ 1,000 ಮಿಲಿಗ್ರಾಂ, ಹಾಲೂಡಿಸುವ ತಾಯಂದಿರಿಗೆ ಮತ್ತು ಮುಟ್ಟು ನಿಂತ ಮಹಿಳೆಯರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದೆ. ನಮ್ಮ ಊಟ ಇದನ್ನು ಮುಟ್ಟುತ್ತದೆಯೇ ಎಂಬುದನ್ನು ನೋಡೋಣ.

ಜೋಳದ ರೊಟ್ಟಿ ನಾರು, ಕಬ್ಬಿಣ, ಶಕ್ತಿಗಳನ್ನು ಕೊಡುವ ಶ್ರೇಷ್ಠ ಆಹಾರ. ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಇರುವುದು 25ರಿಂದ 30 ಮಿಲಿಗ್ರಾಂ ಮಾತ್ರ. ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಕೂಡ ಮುಟ್ಟುವುದು ಕಷ್ಟ. ಭೌಗೋಳಿಕ ಸೂಚಕದ ಗೌರವ ಪಡೆದ ನಮ್ಮ ಕಲಬುರಗಿ ತೊಗರಿಯು ಪ್ರೋಟೀನಿಗೆ ಹೆಸರಾದುದೇ ಹೊರತು, 100 ಗ್ರಾಂ ತೊಗರಿಬೇಳೆಯಲ್ಲಿ ಕ್ಯಾಲ್ಸಿಯಂ ಸುಮಾರು 70 ಮಿಲಿಗ್ರಾಂ ಅಷ್ಟೇ. ದಿನಕ್ಕೆ ಮೂರು ನಾಲ್ಕು ರೊಟ್ಟಿ, ಒಂದು ಬಟ್ಟಲು ಬೇಳೆಯಿಂದ ದೊರೆಯುವ ಕ್ಯಾಲ್ಸಿಯಂ 100 ಮಿಲಿಗ್ರಾಂ ಕೂಡ ಆಗುವುದಿಲ್ಲ.

ಹಾಗಾದರೆ ಇದೇ ರೊಟ್ಟಿ ಉಂಡ ಹಿರಿಯರ ಎಲುಬು ಗಟ್ಟಿಯಿದ್ದುದು ಹೇಗೆ? ಉತ್ತರ ರೊಟ್ಟಿಯ ಪಕ್ಕದಲ್ಲಿದ್ದ ಪದಾರ್ಥಗಳಲ್ಲಿದೆ. ಎಳ್ಳು, ಗುರೆಳ್ಳಿನ ಹಿಂಡಿ, ಅಗಸಿ ಹಿಂಡಿ, ಮೆಂತ್ಯದ ಪಲ್ಯ, ನುಗ್ಗೆಸೊಪ್ಪು, ಹುರುಳಿ, ಮೊಸರು, ಮಜ್ಜಿಗೆ ಇವು ಎಲುಬನ್ನು ಪೋಷಿಸಿದವು. 100 ಗ್ರಾಂ ಎಳ್ಳಿನಲ್ಲಿ 1,200 ಮಿಲಿಗ್ರಾಂಗಿಂತ ಹೆಚ್ಚು, ನುಗ್ಗೆಸೊಪ್ಪಿನಲ್ಲಿ 300ಕ್ಕಿಂತ ಹೆಚ್ಚು, ರಾಗಿಯಲ್ಲಿ ಸುಮಾರು 350, ಹುರುಳಿಯಲ್ಲಿ 250ಕ್ಕಿಂತ ಹೆಚ್ಚು, ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇಂದು ರೊಟ್ಟಿಯ ಜಾಗಕ್ಕೆ ಅನ್ನ ಬಂದಾಗ ರೊಟ್ಟಿಯೊಂದೇ ಹೋಗಲಿಲ್ಲ. ಅದರ ಜೊತೆಗಿದ್ದ ಹಿಂಡಿ, ಸೊಪ್ಪು, ಮಜ್ಜಿಗೆಗಳೂ ಹೋದವು. ಹಾಲು ಡೇರಿಗೆ ಹೋಗಿ, ಮನೆಯಲ್ಲಿ ಚಹಾಕ್ಕೆ ಬೇಕಾದಷ್ಟು ಮಾತ್ರ ಉಳಿಯಿತು.

ಎಳ್ಳ ಅಮಾವಾಸ್ಯೆಯ ಊಟವನ್ನು ಒಮ್ಮೆ ನೆನಪಿಸಿಕೊಳ್ಳಿ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಹಲವು ಸೊಪ್ಪು ಕಾಳುಗಳ ಭಜ್ಜಿ, ಹಿಂಡಿ, ಶೇಂಗಾ ಹೋಳಿಗೆ, ಮೊಸರು ಇವೆಲ್ಲವನ್ನೂ ಚರಗ ಚೆಲ್ಲಿದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಹೊಲದಲ್ಲಿ ಕುಳಿತು ಉಣ್ಣುತ್ತೇವೆ. ಎಲುಬಿಗೆ ಬೇಕಾದುದೆಲ್ಲವೂ ಆ ಒಂದು ಊಟದಲ್ಲಿದೆ. ವರ್ಷಕ್ಕೊಮ್ಮೆ ಮಾಡುವುದನ್ನು ಚಿಕ್ಕ ಪ್ರಮಾಣದಲ್ಲಿ ದಿನವೂ ಮಾಡುವುದೇ ನಾನು ಹೇಳುವ ಪಥ್ಯ.

ದಿನಚರಿಗೆ ಹೊಂದುವ ಒಂದು ಕ್ರಮ ಹೀಗಿದೆ. ಹುರಿದು ಕುಟ್ಟಿದ ಎಳ್ಳಿನ ಪುಡಿ ಎರಡು ಚಮಚ, ಅಂದರೆ ಸುಮಾರು 20 ಗ್ರಾಂ. ಒಂದು ಲೋಟ ಹಾಲು. ಒಂದು ದೊಡ್ಡ ಬಟ್ಟಲು ಮೊಸರು ಅಥವಾ ಅಷ್ಟು ಮೊಸರಿನಿಂದ ಕಡೆದ ಮಜ್ಜಿಗೆ. ಒಂದು ಹಿಡಿ ನುಗ್ಗೆ ಅಥವಾ ಮೆಂತ್ಯದ ಸೊಪ್ಪಿನ ಪಲ್ಯ. ಇವುಗಳನ್ನು ರೊಟ್ಟಿ ಬೇಳೆಗಳಿಗೆ ಸೇರಿಸಿದರೆ ಸಾವಿರ ಮಿಲಿಗ್ರಾಂ ಹತ್ತಿರ ಬರುತ್ತದೆ. ವಾರದಲ್ಲಿ ಎರಡು ಮೂರು ದಿನ ರಾಗಿ ಅಂಬಲಿ ಮಾಡಿದರೆ ಇನ್ನೂ ಒಳ್ಳೆಯದು. ಎಳ್ಳಿನಲ್ಲಿ, ಕಾಳುಗಳಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಡೆಯುವ ಅಂಶಗಳೂ ಇವೆ. ಹುರಿಯುವುದು, ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಇವು ಆ ತಡೆಯನ್ನು ತಗ್ಗಿಸುತ್ತವೆ. ಪಾಲಕಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಆಕ್ಸಲೇಟಿನ ಕಾರಣದಿಂದ ದೇಹಕ್ಕೆ ಬಹಳ ಕಡಿಮೆ ದಕ್ಕುತ್ತದೆ, ಅದೊಂದನ್ನೇ ನಂಬಬಾರದು.

ಎಲುಬು ಬರಿಯ ಸುಣ್ಣವಲ್ಲ, ಅದರ ಹಂದರ ಪ್ರೋಟೀನಿನದು. ಬೇಳೆ, ಕಾಳು, ಹಾಲುಗಳನ್ನು ಹಿರಿಯರು ವಯಸ್ಸಾಯಿತೆಂದು ಬಿಡಬಾರದು. ರಾತ್ರಿ ಬರಿಯ ಗಂಜಿ ಕುಡಿದು ಮಲಗುವ ಅಭ್ಯಾಸ ಎಲುಬನ್ನೂ ಮಾಂಸವನ್ನೂ ಒಟ್ಟಿಗೆ ಕರಗಿಸುತ್ತದೆ.

ಹಾಲು ಮೊಸರು ಉಂಡರೆ ಮೂತ್ರದಲ್ಲಿ ಹರಳಾಗುತ್ತದೆ ಎಂಬ ಹೆದರಿಕೆ ನಮ್ಮ ಭಾಗದಲ್ಲಿ ಬಹಳವಿದೆ. ವಾಸ್ತವದಲ್ಲಿ ಊಟದ ಜೊತೆಗೆ ಬರುವ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳಿಸುತ್ತದೆ. ಬಿರುಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯುವುದು, ಉಪ್ಪು ಹೆಚ್ಚು ತಿನ್ನುವುದು ಹರಳಿಗೆ ಮುಖ್ಯ ಕಾರಣಗಳು. ಅತಿಯಾದ ಉಪ್ಪು ಮೂತ್ರದ ಮೂಲಕ ಕ್ಯಾಲ್ಸಿಯಂ ನಷ್ಟವನ್ನೂ ಹೆಚ್ಚಿಸುತ್ತದೆ.

ಬಿಸಿಲಿನ ಸಮಯ

ಉಂಡ ಕ್ಯಾಲ್ಸಿಯಂ ರಕ್ತ ಸೇರಲು ವಿಟಮಿನ್ ಡಿ ಬೇಕು. ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ಅದು ತಯಾರಾಗುತ್ತದೆ. ಎಳೆಬಿಸಿಲೇ ಶ್ರೇಷ್ಠ ಎಂಬುದು ಜನಜನಿತ ನಂಬಿಕೆ. ಎಳೆಬಿಸಿಲು ಮನಸ್ಸಿಗೆ, ಕಣ್ಣಿಗೆ ಹಿತ ನಿಜ. ಆದರೆ ಸೂರ್ಯ ಕೆಳಗಿದ್ದಾಗ ಈ ಕಿರಣ ನೆಲಕ್ಕೆ ತಲುಪುವುದು ಬಹಳ ಕಡಿಮೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡದಾಗಿರುವ ಹೊತ್ತೇ ವಿಟಮಿನ್ ಡಿ ತಯಾರಾಗುವ ಹೊತ್ತು ಎಂಬುದು ಸುಲಭದ ನಿಯಮ. ಚಿಂಚೋಳಿಯಲ್ಲಿ ಬೇಸಿಗೆಯ ದಿನ ಬೆಳಿಗ್ಗೆ 9.30ರ ಒಳಗೇ ನೆರಳು ಗಿಡ್ಡದಾಗುತ್ತದೆ. ಡಿಸೆಂಬರ್ ತಿಂಗಳಲ್ಲಿ ಸುಮಾರು 11ರಿಂದ 1.30ರವರೆಗೆ ಮಾತ್ರ ಹಾಗಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ 9.30ರ ಸುಮಾರಿಗೆ ಕಾಲು ಗಂಟೆ, ಚಳಿಗಾಲದಲ್ಲಿ ಮಧ್ಯಾಹ್ನ ಅರ್ಧ ಗಂಟೆ ತೋಳು, ಕಾಲು, ಮುಖಕ್ಕೆ ಬಿಸಿಲು ತಾಗಲಿ. ನಮ್ಮ ಭಾಗದ ಏಪ್ರಿಲ್, ಮೇ ತಿಂಗಳ ನಡುಹಗಲಿನ ಬಿಸಿಲು ಜೀವಕ್ಕೇ ಅಪಾಯ. ಆಗ ಹೊರಗೆ ಕೂಡಬಾರದು. ಕಿಟಕಿಯ ಗಾಜಿನ ಒಳಗಿನಿಂದ ಬರುವ ಬಿಸಿಲಿಗೆ ಈ ಗುಣವಿಲ್ಲ.

ದುಡಿಮೆ ಎಂಬ ಔಷಧಿ

ಭಾರ ಬಿದ್ದ ಕಡೆ ಎಲುಬು ಬಲಗೊಳ್ಳುತ್ತದೆ, ಭಾರವಿಲ್ಲದ ಕಡೆ ಕರಗುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದರು. ಭಾರವೇ ಇಲ್ಲದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವ ಯಾತ್ರಿಗಳ ಸೊಂಟ ಮತ್ತು ಕಾಲಿನ ಎಲುಬು ತಿಂಗಳಿಗೆ ಶೇ. 1ರಷ್ಟು ಸವೆಯುತ್ತದೆ. ಮನೆಯಲ್ಲಿ ದಿನವಿಡೀ ಕುಳಿತಿರುವವರ ಎಲುಬಿಗೂ ಚಿಕ್ಕ ಪ್ರಮಾಣದಲ್ಲಿ ಇದೇ ಗತಿ. ದಿನಕ್ಕೆ ಅರ್ಧ ಗಂಟೆಯ ಬಿರುಸಿನ ನಡಿಗೆ, ಮೆಟ್ಟಿಲು ಏರುವುದು, ನೆಲದ ಮೇಲೆ ಕುಳಿತು ಏಳುವುದು, ಹೊಲ ಮನೆಗಳ ಕೆಲಸ ಇವೆಲ್ಲವೂ ಎಲುಬಿಗೆ ಔಷಧಿ. ಕಾಯಕವು ಆತ್ಮಕ್ಕೆ ಹಿತವೆಂಬುದನ್ನು ಶರಣರು ತೋರಿಸಿದರು. ಅದು ಅಸ್ಥಿಗೂ ಹಿತವೆಂಬುದು ವಿಜ್ಞಾನದಿಂದ ತಿಳಿದಿದೆ.

ಆದರೆ ಮಿತಿಯಿರಲಿ. ಅತಿಯಾದ ವ್ಯಾಯಾಮ, ಅತಿಯಾದ ಕುಲುಕಾಟ, ವಾತಕಾರಕ ಆಹಾರ ಇವು ಅಸ್ಥಿವಹ ಸ್ರೋತಸ್ಸನ್ನು ಕೆಡಿಸುತ್ತವೆ ಎಂದು ಚರಕಾಚಾರ್ಯರು ಎಚ್ಚರಿಸಿದ್ದಾರೆ. ಪರಸಿ ಹೊರುವವರು, ಗಣಿಯಲ್ಲಿ ದುಡಿಯುವವರು ಬೆನ್ನು ಬಗ್ಗಿಸದೆ ಮೊಣಕಾಲು ಮಡಚಿ ಭಾರ ಎತ್ತುವುದನ್ನು ರೂಢಿಸಿಕೊಳ್ಳಬೇಕು. ಎಲುಬು ಟೊಳ್ಳಾಗಿದೆ ಎಂದು ಈಗಾಗಲೇ ತಿಳಿದವರು ಬಗ್ಗಿ ತುಂಬಿದ ಕೊಡ ಎತ್ತಬಾರದು. ಬೆನ್ನುಮೂಳೆ ಕುಸಿಯುವ ಅಪಾಯವಿದೆ.

ತ್ಯಜಿಸಬೇಕಾದವುಗಳು

ತಂಬಾಕು ಯಾವ ರೂಪದಲ್ಲಿದ್ದರೂ ಎಲುಬಿಗೆ ವೈರಿ; ಮದ್ಯವೂ ಹಾಗೆಯೇ. ಎಲೆಗೆ ಹಚ್ಚುವ ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ ಎಂದು ಅಡಿಕೆ, ತಂಬಾಕು ಜಗಿಯುವವರಿದ್ದಾರೆ. ದಿನದ ಅಗತ್ಯದ ಎದುರು ಆ ಸುಣ್ಣ ಅತ್ಯಲ್ಪ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕಗಳ ಹಿಂದೆಯೇ ಸಾರಿದೆ. ಎಲುಬಿನ ನೆಪದಲ್ಲಿ ಬಾಯಿಯ ಹುಣ್ಣು ತಂದುಕೊಳ್ಳಬಾರದು.

ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಊರುಗಳು ನಮ್ಮ ಜಿಲ್ಲೆಯಲ್ಲೂ ಇವೆ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಹಲ್ಲು, ನಂತರ ಎಲುಬು ಕೆಡುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಪಂಚಾಯತಿಗೆ ತಿಳಿಸಿ ನೀರಿನ ಪರೀಕ್ಷೆ ಮಾಡಿಸಬೇಕು.

ಆಯುರ್ವೇದದ ಹೆಸರಿನಲ್ಲಿಯೇ ನಡೆಯುವ ಒಂದು ಅನಾಹುತವನ್ನು ಆಯುರ್ವೇದ ವೈದ್ಯನಾಗಿ ಹೇಳಬೇಕಾಗಿದೆ. ಸಂತೆ ಜಾತ್ರೆಗಳಲ್ಲಿ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಯಾವುದೂ ಇಲ್ಲದ ಪೊಟ್ಟಣಗಳನ್ನು ಕೀಲುನೋವಿಗೆಂದು ಮಾರುತ್ತಾರೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಬದಲು ಸಂಶಯಪಡಬೇಕು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರಕೆ ಕಂಡುಬಂದಿರುವುದುಂಟು. ಸ್ಟಿರಾಯ್ಡನ್ನು ತಿಂಗಳುಗಟ್ಟಲೆ ಸೇವಿಸಿದರೆ ಎಲುಬು ವೇಗವಾಗಿ ಟೊಳ್ಳಾಗುತ್ತದೆ, ಮುಖ ಊದುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಬಹಳ ದಿನ ಸೇವಿಸಿದವರು ಒಮ್ಮೆಲೇ ನಿಲ್ಲಿಸದೆ ವೈದ್ಯರ ಬಳಿಗೆ ಹೋಗಬೇಕು. ತಟ್ಟನೆ ನಿಲ್ಲಿಸುವುದೂ ಅಪಾಯಕಾರಿ.

ಚಿಕಿತ್ಸೆ ಮತ್ತು ಪರೀಕ್ಷೆ

ಅಸ್ಥಿಗತ ವ್ಯಾಧಿಗಳಿಗೆ ಪಂಚಕರ್ಮ, ವಿಶೇಷವಾಗಿ ತಿಕ್ತದ್ರವ್ಯ, ಹಾಲು, ತುಪ್ಪಗಳಿಂದ ಕೂಡಿದ ಬಸ್ತಿಯನ್ನು ಚರಕಸಂಹಿತೆ ವಿಧಿಸುತ್ತದೆ. ಅಭ್ಯಂಗಕ್ಕೆ ಎಳ್ಳೆಣ್ಣೆ ಉತ್ತಮ. ಮಂಗರವಳ್ಳಿ, ಅರಗು, ಶತಾವರಿ, ಪ್ರವಾಳಭಸ್ಮ ಮುಂತಾದವು ಪರಂಪರೆಯಿಂದ ಬಳಕೆಯಲ್ಲಿವೆ. ಇವುಗಳನ್ನು ರೋಗಿಯ ಪ್ರಕೃತಿ ಮತ್ತು ಅಗ್ನಿಬಲ ನೋಡಿ ವೈದ್ಯರು ಕೊಡಬೇಕೇ ಹೊರತು ಸ್ವಯಂ ಸೇವಿಸಬಾರದು. ವಿಟಮಿನ್ ಡಿ ಮಾತ್ರೆಗೂ ಇದೇ ಮಾತು. 60,000 ಯೂನಿಟ್‌ಗಳ ಮಾತ್ರೆಯನ್ನು ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗುವುದರಿಂದ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ಹಿಮ್ಮಡಿಗೆ ಯಂತ್ರವಿಟ್ಟು ಶಿಬಿರಗಳಲ್ಲಿ ಮಾಡುವ ಪರೀಕ್ಷೆ ಸೂಚನೆ ಮಾತ್ರ. ಖಚಿತ ನಿರ್ಣಯಕ್ಕೆ ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಪರೀಕ್ಷೆ ಬೇಕು. ಅದರಲ್ಲಿ ಬರುವ ಟಿ-ಅಂಕ ಋಣ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿಸೌಷಿರ್ಯ, ಅಂದರೆ ಎಲುಬು ಟೊಳ್ಳಾಗುವ ರೋಗವೆಂದು ತಿಳಿಯುತ್ತಾರೆ. ಒಮ್ಮೆ ಎಲುಬು ಮುರಿದವರಿಗೆ, ಸವೆತ ತೀವ್ರವಾದವರಿಗೆ ಆಧುನಿಕ ಔಷಧಿಗಳ ಅಗತ್ಯವಿರುತ್ತದೆ. ಆಗ ಪಥ್ಯ, ಅಭ್ಯಂಗಗಳು ಅವುಗಳಿಗೆ ಸಹಾಯಕವೇ ಹೊರತು ಬದಲಿಯಲ್ಲ. ಎತ್ತರ ಒಂದೂವರೆ ಇಂಚಿನಷ್ಟು ಕಡಿಮೆಯಾಗುವುದು, ಬೆನ್ನು ಗೂನಾಗುವುದು, ಪೆಟ್ಟಿಲ್ಲದೆ ಬೆನ್ನಿನಲ್ಲಿ ತೀವ್ರ ನೋವು ಬರುವುದು ಇವುಗಳನ್ನು ವಯಸ್ಸಿನ ಸಹಜ ಲಕ್ಷಣವೆಂದು ಬಿಡಬಾರದು.

ಬೀಳದಂತೆ ನೋಡಿಕೊಳ್ಳುವುದು ಅರ್ಧ ಚಿಕಿತ್ಸೆ. ನಮ್ಮ ಬಚ್ಚಲುಮನೆಗಳ ನುಣುಪಾದ ಪರಸಿ ನೀರು ಬಿದ್ದಾಗ ಬಹಳ ಜಾರುತ್ತದೆ. ಹಿರಿಯರಿರುವ ಮನೆಯಲ್ಲಿ ಆ ಪರಸಿಗೆ ಟಾಂಕಿ ಹೊಡೆಸಿ ಒರಟು ಮಾಡಿಸಿ, ಗೋಡೆಗೆ ಹಿಡಿಕೆ ಹಾಕಿಸಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ಚಿಕ್ಕ ದೀಪವಿರಲಿ. ಕಣ್ಣಿನ ಪೊರೆ ಇದ್ದರೆ ಶಸ್ತ್ರಕ್ರಿಯೆ ಮುಂದೂಡಬೇಡಿ.

ಮನೆಯ ಪಂಕ್ತಿಯಲ್ಲಿ ಸಮತೆ

ಕೊನೆಯದಾಗಿ ಒಂದು ವಿನಂತಿ. ನಮ್ಮ ಅನೇಕ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡ ಮೇಲೆ ತಾಯಂದಿರು ಉಣ್ಣುತ್ತಾರೆ. ಆ ಹೊತ್ತಿಗೆ ರೊಟ್ಟಿ ಉಳಿದಿರುತ್ತದೆ, ಮೊಸರು ಉಳಿದಿರುವುದಿಲ್ಲ. ಬಸುರಿ ಬಾಣಂತಿತನಗಳಲ್ಲಿ ತನ್ನ ಎಲುಬಿನಿಂದಲೇ ಮಗುವಿಗೆ ಕೊಟ್ಟವಳು, ಮುಂದೆ ಹೆಚ್ಚಿನ ಸವೆತಕ್ಕೆ ಗುರಿಯಾಗುವವಳು ಅವಳೇ. ಮಠದ ದಾಸೋಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪ್ರಸಾದ ಸ್ವೀಕರಿಸುತ್ತೇವೆ. ಆ ಪಂಕ್ತಿ ಮನೆಯೊಳಗೂ ಬರಲಿ. ಹಾಲು, ಮಜ್ಜಿಗೆ, ಎಳ್ಳಿನ ಹಿಂಡಿ, ಸೊಪ್ಪಿನ ಪಲ್ಯಗಳಲ್ಲಿ ಮನೆಯ ಹೆಣ್ಣುಮಕ್ಕಳ ಪಾಲನ್ನು ಮೊದಲೇ ತೆಗೆದಿಡೋಣ. ಇದಕ್ಕೆ ದುಬಾರಿ ಔಷಧಿ ಬೇಡ, ದೂರದ ಆಸ್ಪತ್ರೆ ಬೇಡ, ಮನಸ್ಸು ಸಾಕು.

ಸರ್ವರಿಗೂ ದೃಢವಾದ ಕಾಯ, ನಿರಂತರವಾದ ಕಾಯಕ ಪ್ರಾಪ್ತವಾಗಲಿ. ಶರಣು ಶರಣಾರ್ಥಿ.